ಮನೆಗೆಲಸದ ಹೆಂಗಸರು ಸೇರಿ ಸುಮ್ನೆ ಮೈಸೂರು ನೋಡಿ ಬರುವುದು ಹೇಗೆ

ನಾನು ಬೆಂಗಳೂರಿನ ಕೆಲವು ಮನೆಗಳಲ್ಲಿ ಅಡುಗೆ ಮಾಡುತ್ತೇನೆ. ನಮ್ಮ ಬೀದಿಯಲ್ಲಿ ಜಾಸ್ತಿ ಜನ ಪಾತ್ರೆ, ಬಟ್ಟೆ, ನೆಲ ಒರೆಸುವ ಕೆಲಸದವರು. ಕೆಲವು ವರ್ಷಗಳಿಂದ ನಾವೇ ಗುಂಪು ಕಟ್ಟಿಕೊಂಡು ಊರು ನೋಡಲು ಹೋಗುತ್ತಿದ್ದೇವೆ. ಹರಕೆಗೆ ಅಲ್ಲ, ಮದುವೆಗೆ ಅಲ್ಲ, ತಿಥಿಗೂ ಅಲ್ಲ. ಸುಮ್ನೆ ನೋಡೋಕೆ. ಬೇರೆ ಬೀದಿಯ ಹೆಂಗಸರು ಹೇಗೆ ಮಾಡಿದಿರಿ ಅಂತ ಕೇಳುತ್ತಿರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮೊದಲ ಸಲಕ್ಕೆ ಮೈಸೂರೇ ಸರಿ ಅನ್ನುವುದು ನನ್ನ ಅಭಿಪ್ರಾಯ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ರಜೆ, ಆಮೇಲೆ ಬಸ್ಸು

2023ರ ಜೂನ್ 11ರಿಂದ ಹೆಂಗಸರು ಸರ್ಕಾರಿ ಬಸ್ಸಿನಲ್ಲಿ ದುಡ್ಡು ಕೊಡದೆ ಹೋಗುವ ಶಕ್ತಿ ಯೋಜನೆ ಬಂತು. ಬಸ್ ಚಾರ್ಜಿನ ಚಿಂತೆ ಕಳೆಯಿತು. ಆದರೆ ರಜೆ ಯಾವ ಯೋಜನೆಯಲ್ಲೂ ಬರುವುದಿಲ್ಲ. ಕಾರ್ಖಾನೆಯವರಿಗೆ, ಅಂಗಡಿಯವರಿಗೆ ವಾರದ ರಜೆ ಕಾನೂನಿನಲ್ಲೇ ಇದೆ. ಮನೆಗೆಲಸದವರ ರಜೆ ಆ ಮನೆಯವರ ಮನಸ್ಸಿನ ಮೇಲೆ ನಿಂತಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2011ರಲ್ಲಿ ನಮ್ಮಂಥವರಿಗಾಗಿಯೇ ಒಂದು ಒಪ್ಪಂದ ಮಾಡಿತು. ಅದರ ನಂಬರು 189. ವಾರಕ್ಕೊಮ್ಮೆ ಬಿಡದೆ 24 ಗಂಟೆ ಬಿಡುವು ಕೊಡಬೇಕು ಅಂತ ಅದರಲ್ಲಿ ಇದೆ. ಭಾರತ ಇನ್ನೂ ಆ ಒಪ್ಪಂದಕ್ಕೆ ಸೇರಿಲ್ಲ.

ಹಾಗಾಗಿ ಕೇಳಿಯೇ ಪಡೆಯಬೇಕು. ಹೇಗೆ ಕೇಳುತ್ತೀರಿ ಅನ್ನುವುದರ ಮೇಲೆ ಅರ್ಧ ಪ್ರವಾಸ ನಿಂತಿದೆ.

ಅಜ್ಜಿ ತೀರಿಕೊಂಡರು, ಮಗುವಿಗೆ ಜ್ವರ ಅಂತ ಸುಳ್ಳು ಹೇಳಬೇಡಿ. ನಾವು ಯಾಕೆ ಹಾಗೆ ಹೇಳುತ್ತೇವೆ ಅಂತ ನನಗೆ ಚೆನ್ನಾಗಿ ಗೊತ್ತು. ಸಾವು, ಕಾಯಿಲೆ ಬಿಟ್ಟು ಬೇರೆ ಯಾವುದಕ್ಕೂ ನಮಗೆ ರಜೆ ಸಿಗುವುದಿಲ್ಲ ಅನ್ನುವ ಭಯ. ಈ ಸಲ ನಿಜವನ್ನೇ ಹೇಳಿ. "ಅಕ್ಕಾ, ಮುಂದಿನ ತಿಂಗಳು ಎರಡನೇ ಭಾನುವಾರ ಮೈಸೂರು ನೋಡೋಕೆ ಹೋಗ್ತಾ ಇದೀವಿ. ಆವತ್ತು ಬರಲ್ಲ. ಸೋಮವಾರ ಹತ್ತು ಗಂಟೆಗೆ ಬರ್ತೀನಿ." ಅಷ್ಟೇ ಸಾಕು. "ಹೋಗಲಾ?" ಅಂತ ಕೇಳುವುದು ಬೇಡ, ತಿಳಿಸಿದರೆ ಆಯಿತು. ಮೂರು ವಾರ ಮುಂಚೆ ಹೇಳಿ. ಸಂಬಳ ಕೈಗೆ ಬಂದ ಮೇಲೆ ಹೇಳಿ, ಬರುವ ಮೊದಲು ಬೇಡ.

ಒಂದೇ ಅಪಾರ್ಟ್‌ಮೆಂಟಿಗೆ ಹೋಗುವವರು ಒಂದೇ ದಿನ, ಒಂದೇ ಮಾತು ಹೇಳಬೇಕು. ಒಬ್ಬಳೇ ಹೇಳಿದರೆ "ನೀನು ಮಾತ್ರ ಯಾಕೆ?" ಅನ್ನುತ್ತಾರೆ. ಎಲ್ಲರೂ ಹೇಳಿದಾಗ ಆ ಪ್ರಶ್ನೆ ಬರುವುದಿಲ್ಲ.

ಹಾಸಿಗೆ ಹಿಡಿದವರು, ಎಳೆ ಮಗು ಇರುವ ಮನೆಗಳ ವಿಷಯ ಬೇರೆ. ಅಂಥ ಮನೆಗೆ ಬದಲಿ ಬೇಕು. ಊರಲ್ಲಿ ನಾಟಿಗೆ ಮುಯ್ಯಾಳು ಹೋಗುತ್ತೇವಲ್ಲ, ಹಾಗೆ. ಈ ಸಲ ಬರದವಳು ನಿಮ್ಮ ಬದಲು ಹೋಗಲಿ, ಮುಂದಿನ ಸಲ ನೀವು ಅವಳ ಮುಯ್ಯಿ ತೀರಿಸಿ. ಮಿಕ್ಕ ಮನೆಗಳಿಗೆ ಬದಲಿ ಕೊಡಲೇಬೇಡಿ. ಒಂದು ದಿನ ನೆಲ ಒರೆಸದಿದ್ದರೆ ಯಾರಿಗೂ ಏನೂ ಆಗುವುದಿಲ್ಲ.

ಸಂಬಳ ಹಿಡಿದರೆ? ನಮ್ಮಲ್ಲಿ ಒಬ್ಬಳಿಗೆ ಒಂದು ಮನೆಯವರು ಹಾಗೆ ಮಾಡಿದರು. ಅದೇ ಕಟ್ಟಡದಲ್ಲಿ ಕೆಲಸ ಮಾಡುವ ನಾಲ್ಕೈದು ಜನ ಅವಳ ಜೊತೆ ಹೋಗಿ ಬಾಗಿಲಲ್ಲಿ ನಿಂತು ಸಮಾಧಾನವಾಗಿ ಮಾತಾಡಿದೆವು. ದುಡ್ಡು ಬಂತು. ಜಗಳ ಬೇಕಾಗಿಲ್ಲ. ಆದರೆ ಒಬ್ಬಳನ್ನೇ ಕಳಿಸಬೇಡಿ.

"ಫ್ರೀ ಬಸ್ ಅಂತ ತಿರುಗ್ತಾರೆ" ಅನ್ನುವವರಿಗೆ

ಈ ಮಾತು ಬಸ್ಸಲ್ಲಿ, ಬೀದಿಯಲ್ಲಿ, ಕೆಲವೊಮ್ಮೆ ನಮ್ಮ ಮನೆಯೊಳಗೇ ಕೇಳುತ್ತದೆ. ಉತ್ತರ ತಿಳಿದಿರಲಿ. ಕೇಂದ್ರ ಸರ್ಕಾರದ ನೌಕರರಿಗೆ ಎಲ್‌ಟಿಸಿ ಅಂತ ಇದೆ. ನಾಲ್ಕು ವರ್ಷದ ಅವಧಿಯಲ್ಲಿ ಒಮ್ಮೆ ದೇಶದ ಯಾವ ಮೂಲೆಗಾದರೂ ಸಂಸಾರ ಸಮೇತ ಹೋಗಿಬರಲು ಸರ್ಕಾರ ಚಾರ್ಜು ಕೊಡುತ್ತದೆ. ಅದನ್ನು ಯಾರೂ ಬಿಟ್ಟಿ ಅನ್ನುವುದಿಲ್ಲ. ಅದು ಅವರ ಸೌಲಭ್ಯ, ಸರಿಯಾಗಿಯೇ ಇದೆ. ನಮಗೆ ಮಾತ್ರ ಯಾಕೆ ಆ ಮಾತು?

ನಮ್ಮ ಸಂವಿಧಾನದ 43ನೇ ವಿಧಿಯಲ್ಲಿ ಕೆಲಸಗಾರರಿಗೆ ಬದುಕಲು ಸಾಕಾಗುವ ಕೂಲಿಯ ಜೊತೆಗೆ ಬಿಡುವನ್ನು ಪೂರ್ತಿಯಾಗಿ ಅನುಭವಿಸುವ ಅವಕಾಶವೂ ಸಿಗುವಂತೆ ಸರ್ಕಾರ ನೋಡಬೇಕು ಅಂತ ಬರೆದಿದೆ. ಅದು ಕೋರ್ಟಿಗೆ ಹೋಗಿ ಕೇಳುವ ಹಕ್ಕಲ್ಲ, ಸರ್ಕಾರಕ್ಕೆ ಹಾಕಿಕೊಟ್ಟ ದಾರಿ. 1948ರ ವಿಶ್ವ ಮಾನವ ಹಕ್ಕುಗಳ ಘೋಷಣೆಯ 24ನೇ ವಿಧಿ ಇನ್ನೂ ನೇರವಾಗಿದೆ. ವಿಶ್ರಾಂತಿ, ಬಿಡುವು, ಸಂಬಳ ಸಹಿತ ರಜೆ ಪ್ರತಿಯೊಬ್ಬರ ಹಕ್ಕು ಅನ್ನುತ್ತದೆ. ಇವೆರಡನ್ನೂ ನಾನು ನಮ್ಮ ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟಿದ್ದೇನೆ. ಹಿಂಜರಿಯುವವರಿಗೆ ಓದಿ ಹೇಳುತ್ತೇನೆ.

ಯಾಕೆ ಮೈಸೂರು

ಮೊದಲ ಪ್ರವಾಸ ದೇವಸ್ಥಾನಕ್ಕೆ ಇಡಬೇಡಿ. ನನಗೂ ಭಕ್ತಿ ಇದೆ. ಆದರೆ ನಮ್ಮ ಗುಂಪಿನಲ್ಲಿ ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಆವತ್ತು ಮುಟ್ಟಾದವರು ಹೊರಗೆ ಚಪ್ಪಲಿ ಕಾಯುತ್ತಾ ಕೂರುವಂತಾಗುತ್ತದೆ, ಯಾಕೆ ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಅರಮನೆ, ಮೃಗಾಲಯ, ಕೆರೆ ಆದರೆ ಯಾರೂ ಹೊರಗೆ ನಿಲ್ಲಬೇಕಾಗಿಲ್ಲ. ಚಾಮುಂಡಿ ಬೆಟ್ಟಕ್ಕೆ ಇನ್ನೊಮ್ಮೆ ಹೋಗಬಹುದು.

ದಿನ ಭಾನುವಾರವೇ ಇರಲಿ. ವಾರದ ನಡುವೆ ಹೋದರೆ ಬಸ್ಸು ಖಾಲಿ ಇರುತ್ತದೆ, ನಿಜ. ಆದರೆ ಮಕ್ಕಳಿಗೆ ಶಾಲೆ. ಮತ್ತೆ ಅರಮನೆಯ ದೀಪ ಜಾಸ್ತಿ ಹೊತ್ತು ಉರಿಯುವುದು ಭಾನುವಾರ ಮತ್ತು ಸರ್ಕಾರಿ ರಜೆಯ ಸಂಜೆ. ಹತ್ತಿರ ಹತ್ತಿರ 1 ಲಕ್ಷ ಬಲ್ಬು. ನಮ್ಮವರು ಮೈಸೂರು ಅಂದರೆ ಕೇಳುವುದೇ ಅದನ್ನು. ಮಂಗಳವಾರ ಮಾತ್ರ ಇಟ್ಟುಕೊಳ್ಳಬೇಡಿ, ಮೃಗಾಲಯಕ್ಕೆ ರಜೆ.

ಬಸ್ಸು

ಶಕ್ತಿ ಟಿಕೆಟ್ ನಡೆಯುವುದು ಕೆಂಪು ಬಸ್ಸಿನಲ್ಲಿ, ಅಂದರೆ ಸಾಮಾನ್ಯ ಮತ್ತು ವೇಗದೂತ ಬಸ್ಸಿನಲ್ಲಿ. ರಾಜಹಂಸ, ಎಸಿ ಬಸ್ಸಿಗೆ ನಡೆಯುವುದಿಲ್ಲ. ಮೈಸೂರಿನ ಸಿಟಿ ಬಸ್ಸಿಗೂ ನಡೆಯುತ್ತದೆ. ಕರ್ನಾಟಕದ ವಿಳಾಸ ಇರುವ ಆಧಾರ್ ಅಥವಾ ವೋಟರ್ ಕಾರ್ಡ್ ಬೇಕು. ಅಸಲು ಕಾರ್ಡನ್ನೇ ತನ್ನಿ. ಸೊನ್ನೆ ಟಿಕೆಟನ್ನು ಇಳಿಯುವವರೆಗೂ ಜೋಪಾನ ಮಾಡಿ, ತಪಾಸಣೆಗೆ ಹತ್ತುತ್ತಾರೆ.

ಇಲ್ಲೇ ಒಂದು ಮುಖ್ಯ ವಿಷಯ ಇದೆ. ನಮ್ಮಲ್ಲಿ ಕೆಲವರು ತಮಿಳುನಾಡಿನಿಂದ, ಅನಂತಪುರದ ಕಡೆಯಿಂದ ಬಂದವರು. ಆಧಾರ್ ಇನ್ನೂ ಆ ಊರಿನದು. ಅವರು ಇಲ್ಲಿ ಎಷ್ಟು ವರ್ಷ ದುಡಿದಿದ್ದರೂ ಸೊನ್ನೆ ಟಿಕೆಟ್ ಸಿಗುವುದಿಲ್ಲ. ಅವರ ಚಾರ್ಜನ್ನು ಎಲ್ಲರೂ ವಾರವಾರ ದುಡ್ಡು ಹಾಕುವ ಹುಂಡಿಯಿಂದ ಕೊಡಿ. ಅವರೇ ಕೊಡಲಿ ಅಂತ ಬಿಟ್ಟರೆ ಅವರು ಏನೋ ಕಾರಣ ಹೇಳಿ ಮನೆಯಲ್ಲೇ ಉಳಿಯುತ್ತಾರೆ. ಆರು ವರ್ಷ ದಾಟಿದ ಗಂಡು ಮಕ್ಕಳಿಗೆ ಅರ್ಧ ಟಿಕೆಟ್. ಅದೂ ಹುಂಡಿಯಿಂದಲೇ ಹೋಗಲಿ.

ಬಸ್ಸನ್ನು ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಲ್ಲಿ, ಹೊರಡುವ ಜಾಗದಲ್ಲೇ ಹತ್ತಿ. ಅರ್ಧ ಸೀಟು ಗಂಡಸರಿಗೆ ಮೀಸಲು. ಗುಂಪು ದೊಡ್ಡದಾದರೆ ಒಂದೇ ಬಸ್ಸಿಗೆ ನುಗ್ಗಬೇಡಿ. ಎಂಟು, ಹತ್ತು ಜನರ ತಂಡ ಮಾಡಿ ಹಿಂದೆ ಹಿಂದೆ ಬರುವ ಬಸ್ಸು ಹಿಡಿಯಿರಿ. ಪ್ರತಿ ತಂಡದಲ್ಲಿ ಓದಲು ಬರುವ ಒಬ್ಬಳು, ಚಾರ್ಜ್ ಇರುವ ಫೋನ್ ಒಂದು. ಭಾನುವಾರ ಮೆಟ್ರೊ ತಡವಾಗಿ ಶುರುವಾಗುತ್ತದೆ, ಅದನ್ನು ನಂಬಬೇಡಿ. ಬೆಳಿಗ್ಗೆ ಐದೂವರೆಗೆ ನಿಲ್ದಾಣದಲ್ಲಿದ್ದರೆ ಒಂಬತ್ತು, ಒಂಬತ್ತೂವರೆಗೆ ಮೈಸೂರು.

ಆವತ್ತು ಯಾರೂ ಒಲೆ ಹಚ್ಚಬಾರದು

ಇದು ನಮ್ಮ ನಿಯಮ. ಇದರ ಮೇಲೆ ಜಾಸ್ತಿ ವಾದ ಆಗುತ್ತದೆ. "ಪುಳಿಯೋಗರೆ ನಾನು ಕಲಸಿ ತರ್ತೀನಿ, ಹೋಟೆಲಿಗೆ ಯಾಕೆ ಸುರಿಯಬೇಕು" ಅಂತ ಯಾರಾದರೂ ಅಂದೇ ಅನ್ನುತ್ತಾರೆ. ಒಪ್ಪಬೇಡಿ. ಆ ಹೆಣ್ಣುಮಗಳು ರಾತ್ರಿ ಎರಡಕ್ಕೆ ಏಳುತ್ತಾಳೆ. ಮೂವತ್ತು ಜನಕ್ಕೆ ಅನ್ನ ಮಾಡಿ, ಪಾತ್ರೆ ತೊಳೆದು ಬಸ್ಸಿನಲ್ಲಿ ನಿದ್ದೆ ಹೋಗುತ್ತಾಳೆ. ಅವಳ ಪಾಲಿಗೆ ಅದು ಇನ್ನೊಂದು ದಿನದ ದುಡಿಮೆ ಆಯಿತು, ಅಲ್ವಾ? ಮನೆಯವರಿಗೂ ಅಡುಗೆ ಮಾಡಿಟ್ಟು ಬರುವುದು ಬೇಡ. ಗಂಡ, ದೊಡ್ಡ ಮಕ್ಕಳು ಒಂದು ದಿನ ನೋಡಿಕೊಳ್ಳಲಿ. ಇದನ್ನು ಒಂದು ವಾರ ಮೊದಲೇ ಹೇಳಿಡಿ.

ದುಡ್ಡಿಗೆ ದಾರಿ ಇಷ್ಟೇ. ನಾಲ್ಕು ತಿಂಗಳ ಮೊದಲಿನಿಂದ ಪ್ರತಿಯೊಬ್ಬರೂ ವಾರಕ್ಕೆ 30 ರೂಪಾಯಿ ಹಾಕಿ. ತಿಂಡಿ, ಊಟ, ಪ್ರವೇಶ ಟಿಕೆಟ್, ರಾತ್ರಿಯ ಆಟೊ ಎಲ್ಲ ಅದರಲ್ಲೇ. ಟಿಕೆಟ್ ದರ ಆಗಾಗ ಏರುತ್ತದೆ, ಹೋಗುವ ವಾರ ಮಕ್ಕಳ ಫೋನಿನಲ್ಲಿ ನೋಡಿಸಿಕೊಳ್ಳಿ. ಮಧ್ಯಾಹ್ನ ಮೆಸ್‌ನಲ್ಲಿ ಬಾಳೆ ಎಲೆ ಊಟ ಮಾಡಿ. ಇನ್ನೊಬ್ಬರಿಗೆ ಬಡಿಸುವವರು ಆವತ್ತು ಕೂತು ಬಡಿಸಿಕೊಳ್ಳಲಿ.

ಶೌಚಾಲಯದ ಲೆಕ್ಕ

ನಮ್ಮ ಹೆಂಗಸರು ದೂರ ಹೋಗುವ ದಿನ ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ. ಎಲ್ಲಿ ಹೋಗುವುದು ಅನ್ನುವ ಚಿಂತೆ. ಮಧ್ಯಾಹ್ನಕ್ಕೆ ತಲೆನೋವು, ಸುಸ್ತು. ಇದಕ್ಕೆ ಮೊದಲೇ ಜಾಗ ಗುರುತು ಮಾಡಿ ಎಲ್ಲರಿಗೂ ಹೇಳಿ: ಸ್ಯಾಟಲೈಟ್ ನಿಲ್ದಾಣ, ಮೈಸೂರಿನ ಸಬ್‌ಅರ್ಬನ್ ನಿಲ್ದಾಣ, ಮೃಗಾಲಯದ ಒಳಗೆ, ಅರಮನೆಯ ಆವರಣ. ನಡುದಾರಿಯಲ್ಲಿ ನಿಲ್ಲದ ಬಸ್ಸಿಗಿಂತ ಮಂಡ್ಯದಲ್ಲಿ ನಿಲ್ಲುವ ಬಸ್ಸು ಮೇಲು, ಸ್ವಲ್ಪ ತಡವಾದರೂ. ಹತ್ತು ರೂಪಾಯಿಯ ಚಿಲ್ಲರೆ ಒಂದು ಪ್ರತ್ಯೇಕ ಚೀಲದಲ್ಲಿ ಇರಲಿ. ಪ್ಯಾಡ್ ಪ್ಯಾಕೆಟ್ಟು, ಕಾಗದದ ಸೋಪೂ ಅದೇ ಚೀಲದಲ್ಲಿ. ಆ ಚೀಲ ಹಿಡಿದವಳಿಂದ ಯಾರು ಬೇಕಾದರೂ ಕಾರಣ ಹೇಳದೆ ಚೀಲ ಇಸಿದುಕೊಳ್ಳಬಹುದು ಅಂತ ಬಸ್ಸು ಹತ್ತುವ ಮೊದಲೇ ಹೇಳಿ.

ದಿನ ಹೇಗೆ ಹಂಚುವುದು

ಬೆಳಿಗ್ಗೆ ತಂಪಿನಲ್ಲಿ ಮೃಗಾಲಯ. ಪ್ಲಾಸ್ಟಿಕ್ ಕವರ್ ಬೇಡ, ಬಟ್ಟೆ ಚೀಲ ಹಿಡಿಯಿರಿ. ಒಳಗೆ ನಡೆಯುವುದು ಬಹಳ ಇದೆ. ಮಂಡಿನೋವಿನವರಿಗೆ ಬ್ಯಾಟರಿ ಗಾಡಿ ಸಿಗುತ್ತದೆ, ಅದಕ್ಕೂ ಹುಂಡಿಯಲ್ಲಿ ದುಡ್ಡು ಇಟ್ಟಿರಿ. ನಾನು ನಡೀತೀನಿ ಬಿಡಿ ಅನ್ನುವ ಅಜ್ಜಿಯರನ್ನೂ ಕೂರಿಸಿ.

ಊಟದ ಮೇಲೆ ಪಕ್ಕದ ಕಾರಂಜಿ ಕೆರೆ. ಅಲ್ಲಿ ಯಾವ ಕಾರ್ಯಕ್ರಮವನ್ನೂ ಇಡಬೇಡಿ. ಮರದ ನೆರಳಲ್ಲಿ ಕೂರಲಿ, ಮಲಗಲಿ, ದೋಣಿ ತುಳಿಯಲಿ. ನಮ್ಮ ಕೆಲವರಿಗೆ ಹೊರಗಿನ ಜಾಗದಲ್ಲಿ ಸುಮ್ನೆ ಕೂತು ಅಭ್ಯಾಸವೇ ಇಲ್ಲ. ಎದ್ದು ಕಾಗದ ಹೆಕ್ಕಲು ಶುರು ಮಾಡುತ್ತಾರೆ. ಎರಡು ಗಂಟೆ ಬಿಡುವು ಕೊಟ್ಟರೆ ನಿಧಾನಕ್ಕೆ ಕೈ ಸುಮ್ಮನಾಗುತ್ತದೆ.

ಅರಮನೆಗೆ ಮೂರೂವರೆಗೆ ಹೋಗಿ, ಐದೂವರೆಗೆ ಮುಚ್ಚುತ್ತಾರೆ. ಹೋಗುವ ಮೊದಲು ನಾನು ಒಂದು ಕಥೆ ಹೇಳುತ್ತೇನೆ. 1897ರಲ್ಲಿ ಹಳೇ ಮರದ ಅರಮನೆ ಸುಟ್ಟುಹೋಯಿತು. ಆಗ ಮಹಾರಾಜರು ಇನ್ನೂ ಚಿಕ್ಕ ಹುಡುಗ. ಆಳ್ವಿಕೆ ನಡೆಸುತ್ತಿದ್ದವರು ತಾಯಿ, ವಾಣಿ ವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರು. ಹೊಸದನ್ನು ಕಟ್ಟಿಸಲು ಹೊರಟವರು ಅವರು. 1912ಕ್ಕೆ ಕೆಲಸ ಮುಗಿಯಿತು. ಒಬ್ಬ ತಾಯಿ ಕಟ್ಟಿಸಲು ಶುರು ಮಾಡಿದ ಮನೆ ಅಂತ ಗೊತ್ತಾದ ಮೇಲೆ ನಮ್ಮವರು ನೋಡುವ ರೀತಿಯೇ ಬೇರೆ. ಕಲ್ಯಾಣ ಮಂಟಪದಲ್ಲಿ ತಲೆ ಎತ್ತಿ ನವಿಲಿನ ಗಾಜು ನೋಡಿ, ತಲೆ ತಗ್ಗಿಸಿ ನೆಲದ ಟೈಲ್ಸ್ ನೋಡಿ. ನೆಲದ ಕೆಲಸದ ಬೆಲೆ ನಮ್ಮವರಿಗಿಂತ ಚೆನ್ನಾಗಿ ಬಲ್ಲವರು ಆ ಜನಸಂದಣಿಯಲ್ಲಿ ಯಾರಿದ್ದಾರೆ? ಚಪ್ಪಲಿ ಬಿಡುವ ಕಡೆ ಒಂದೇ ಚೀಲಕ್ಕೆ ಹಾಕಿ, ಆಮೇಲೆ ಹುಡುಕಾಟ ತಪ್ಪುತ್ತದೆ.

ಜೋಡಿ ಮಾಡಿಬಿಡಿ. ಎಣಿಸುವ ಬದಲು "ನಿನ್ನ ಜೋಡಿ ಎಲ್ಲಿ?" ಅಂತ ಕೇಳಿದರೆ ಸಾಕು. ಓದಲು ಬಾರದವರ ಕೈಯಲ್ಲಿ ತಂಡದ ಫೋನ್ ನಂಬರ್ ಬರೆದ ಚೀಟಿ ಇರಲಿ.

ದೀಪ ಹತ್ತುವುದು ಏಳು ಗಂಟೆಗೆ. ಮುಕ್ಕಾಲು ಗಂಟೆ ಉರಿಯುತ್ತದೆ. ಗೇಟಿನ ಹೊರಗಿಂದಲೂ ಚೆನ್ನಾಗಿ ಕಾಣುತ್ತದೆ. ಆಮೇಲೆ ಸಬ್‌ಅರ್ಬನ್ ನಿಲ್ದಾಣಕ್ಕೆ ಎಲ್ಲರೂ ಒಟ್ಟಿಗೆ ನಡೆಯಿರಿ, ದೂರ ಇಲ್ಲ. ಬೆಂಗಳೂರು ಮುಟ್ಟುವಾಗ ರಾತ್ರಿ ಹನ್ನೊಂದೂವರೆ, ಹನ್ನೆರಡು. ಆ ಹೊತ್ತಿಗೆ ಮೆಟ್ರೊ ಇರುವುದಿಲ್ಲ. ನಮ್ಮ ಬೀದಿಯ ಆಟೊ ಅಣ್ಣಂದಿರಿಗೆ ಮೊದಲೇ ಹೇಳಿ ಸ್ಯಾಟಲೈಟ್ ಹತ್ತಿರ ನಿಲ್ಲಿಸಿಕೊಳ್ಳುತ್ತೇವೆ. ಕೊನೆಯ ಹೆಂಗಸು ಮನೆ ಬಾಗಿಲು ಸೇರಿ ಫೋನ್ ಮಾಡುವವರೆಗೆ ತಂಡದ ಫೋನ್ ಹಿಡಿದವಳು ಮಲಗುವುದಿಲ್ಲ. ರಾತ್ರಿ ಪ್ರಯಾಣಕ್ಕೆ ಹೆದರಿ ದೀಪವನ್ನೇ ಬಿಡುವ ಗುಂಪುಗಳಿವೆ. ಹೆದರಿಕೆ ಸುಳ್ಳಲ್ಲ. ಆದರೆ ಒಟ್ಟಿಗಿದ್ದು, ಗಾಡಿ ಗೊತ್ತು ಮಾಡಿಕೊಂಡರೆ ಆ ಸಂಜೆಯನ್ನು ಬಿಟ್ಟುಕೊಡಬೇಕಾಗಿಲ್ಲ.

ಬಂದ ವಾರವೇ ಎಲ್ಲರ ಮುಂದೆ ಲೆಕ್ಕ ಓದಿ. ಮಿಕ್ಕಿದ ದುಡ್ಡನ್ನು ಹಂಚಬೇಡಿ, ಹುಂಡಿಯಲ್ಲೇ ಇರಲಿ. ಪುಸ್ತಕವನ್ನು ಇನ್ನೊಬ್ಬಳ ಕೈಗೆ ಕೊಡಿ. ಪ್ರತಿ ಸಲ ಒಬ್ಬಳೇ ನಡೆಸಿದರೆ ಅವಳು ನೋಡುವುದೇನೂ ಉಳಿಯುವುದಿಲ್ಲ. ಮುಂದಿನ ಊರು ಯಾವುದು ಅಂತ ಆವತ್ತೇ ಕೇಳಿ, ಮೊದಲು ಮಾತಾಡದೆ ಕೂತವರನ್ನು ಕೇಳಿ. ನಮ್ಮಲ್ಲಿ ಈಗ ಮಲ್ಪೆಯ ಸಮುದ್ರ ಅಂತ ಹೇಳುತ್ತಿದ್ದಾರೆ. ಅದಕ್ಕೆ ಎರಡು ರಾತ್ರಿ ಬೇಕು, ಅಂದರೆ ಎರಡು ದಿನದ ರಜೆ ಕೇಳಬೇಕು. ಮುಂದಿನ ತಿಂಗಳ ಸಂಬಳ ಬಂದ ಮೇಲೆ ಮಾತು ತೆಗೆಯುತ್ತೇವೆ.