ಕಬ್ಬಿನ ಗದ್ದೆಯಲ್ಲಿ ಹೂತುಹೋದ ಪ್ಯಾಟನ್

ಪ್ಲಾಸ್ಟಿಕ್ ಬಿಡಿಭಾಗಗಳ ಕಿಟ್ ತಂದು ಟ್ಯಾಂಕಿನ ಪುಟ್ಟ ಮಾದರಿ ಕಟ್ಟಿ ಬಣ್ಣ ಹೊಡೆಯೋಕೆ ಐದು ವಾರ ಹಿಡಿಯಿತು. ಅದರ ಸುತ್ತ ಕಬ್ಬು ಬೆಳೆಸೋಕೆ ಎರಡೂವರೆ ತಿಂಗಳು. ಮಂಡ್ಯ ಕಡೆ ಹುಟ್ಟಿದವನಿಗೆ ಕಬ್ಬು ಇಷ್ಟು ಸತಾಯಿಸುತ್ತೆ ಅಂತ ಗೊತ್ತಿರಲಿಲ್ಲ. ನಿಜವಾದ ಕಬ್ಬು ಕೊಡೋ ಕಾಟ ಬೇರೆ ಬಿಡಿ, ಅದನ್ನ ಅಪ್ಪನ ಬಾಯಲ್ಲೇ ಕೇಳಬೇಕು.

ನಾನು ಮಾಡಿದ್ದು 1965ರ ಭಾರತ-ಪಾಕಿಸ್ತಾನ ಯುದ್ಧದ ಒಂದು ಸಣ್ಣ ದೃಶ್ಯ, ಹಲಗೆ ಮೇಲೆ ಮಾದರಿಗಳನ್ನಿಟ್ಟು ಕಟ್ಟೋ ಇಂಥದ್ದಕ್ಕೆ ಡಯೋರಾಮ ಅಂತಾರೆ. ಪಂಜಾಬಿನ ಖೇಮ್‌ಕರಣ್ ಹತ್ತಿರ ಅಸಲ್ ಉತ್ತರ್ ಅಂತ ಒಂದು ಹಳ್ಳಿ. ಸೆಪ್ಟೆಂಬರ್ 8ರಿಂದ 10ರವರೆಗೆ ಅಲ್ಲಿ ನಡೆದ ಕಾಳಗದಲ್ಲಿ ಪಾಕಿಸ್ತಾನ ಅಮೆರಿಕದಿಂದ ಪಡೆದಿದ್ದ ಪ್ಯಾಟನ್ ಟ್ಯಾಂಕುಗಳನ್ನು ನುಗ್ಗಿಸಿತ್ತು. ನಮ್ಮವರು ಕಾಲುವೆ ನೀರನ್ನು ಗದ್ದೆಗಳಿಗೆ ಬಿಟ್ಟು, ಲಾಳದ ಆಕಾರದಲ್ಲಿ ಸುತ್ತ ಕಾದು ಕೂತರು. ಬಂದ ಟ್ಯಾಂಕುಗಳು ಕೆಸರಲ್ಲಿ ಹೂತುಕೊಂಡವು. ಭಾರತದ ಲೆಕ್ಕದಲ್ಲಿ 97 ಟ್ಯಾಂಕ್ ಅಲ್ಲಿ ಹಾಳಾದವು ಇಲ್ಲವೇ ಸಿಕ್ಕಿಬಿದ್ದವು. ಅವುಗಳಲ್ಲಿ ಹಲವನ್ನು ಭಿಖಿವಿಂಡ್ ಬಳಿ ಸಾಲಾಗಿ ನಿಲ್ಲಿಸಿದ್ದಕ್ಕೆ ಆ ಜಾಗಕ್ಕೆ ಪ್ಯಾಟನ್ ನಗರ ಅಂತಲೇ ಹೆಸರು ಬಿತ್ತು. ನನಗೆ ಬೇಕಿದ್ದದ್ದು ಗುಂಡು, ಬೆಂಕಿ, ಹೊಗೆ ಯಾವುದೂ ಅಲ್ಲ. ಕಬ್ಬಿನ ಮಧ್ಯೆ ಹಿಂಭಾಗ ಹೂತು, ಮುಚ್ಚಳ ತೆರೆದು, ಒಳಗೆ ಯಾರೂ ಇಲ್ಲದ ಒಂದೇ ಒಂದು ಟ್ಯಾಂಕ್.

ಈ ಹುಚ್ಚು ಹತ್ತಿದ್ದು ಶಿರಡಿಗೆ ಹೋದಾಗ. ವಾಪಸ್ ಬರುವಾಗ ಮನೆಯವರನ್ನೆಲ್ಲ ಪುಸಲಾಯಿಸಿ ಅಹ್ಮದ್‌ನಗರದ ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಂಗೆ ಗಾಡಿ ತಿರುಗಿಸಿದೆ. ಅಮ್ಮ ಮರದ ನೆರಳಲ್ಲಿ ಕೂತು ಪುಳಿಯೋಗರೆ ಡಬ್ಬಿ ಬಿಚ್ಚಿದರು, ನಾನು ಪ್ಯಾಟನ್ ಮುಂದೆ ನಿಂತೆ. ಅದರ ಗೋಪುರ, ಅಂದ್ರೆ ಫಿರಂಗಿ ಕೂರಿಸಿದ ತಿರುಗೋ ಭಾಗ, ಎರಕದ್ದು. ದೂರದಿಂದ ನುಣ್ಣಗೆ ಕಾಣುತ್ತೆ, ಹತ್ತಿರ ಹೋದರೆ ಸವೆದ ರುಬ್ಬುಗುಂಡಿನ ಮೈ ಥರ ತರಿತರಿ. ಇದು ಯಾವ ಕಿಟ್‌ನಲ್ಲೂ ಸರಿಯಾಗಿ ಬರಲ್ಲ, ಅಲ್ವಾ ಅಂದುಕೊಂಡೆ.

ನನ್ನ ಕಿಟ್ ಎಂ47 ಅನ್ನೋ ಪ್ಯಾಟನ್‌ದು, ನಿಜವಾದ ಟ್ಯಾಂಕಿನ 1/35 ಅಳತೆಯದು. ಮೂವತ್ತೈದು ಅನ್ನೋ ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಅಂತ ತುಂಬಾ ಜನ ಕೇಳ್ತಾರೆ. 1960ರ ದಶಕದ ಆರಂಭದಲ್ಲಿ ಜಪಾನಿನ ತಮಿಯಾ ಕಂಪನಿ ಮೋಟಾರ್ ಇರೋ ಪ್ಯಾಂಥರ್ ಟ್ಯಾಂಕ್ ಮಾಡಿತು. ಒಳಗೆ ಬ್ಯಾಟರಿ ಕೂರಬೇಕಲ್ಲ, ಅದಕ್ಕೆ ಎಷ್ಟು ದೊಡ್ಡದು ಬೇಕೋ ಅಷ್ಟು ಮಾಡಿದರು, ಆಮೇಲೆ ಅಳೆದು ನೋಡಿದರೆ ಹೆಚ್ಚು ಕಮ್ಮಿ ಮೂವತ್ತೈದನೇ ಒಂದು ಭಾಗ. ಅದೇ ಖಾಯಂ ಆಯಿತು. ಆ ಲೆಕ್ಕದಲ್ಲಿ ನನ್ನ ಟ್ಯಾಂಕ್ ಫಿರಂಗಿ ಸೇರಿ 24 ಸೆಂಟಿಮೀಟರ್ ಉದ್ದ, 10 ಅಗಲ, ಒಂಬತ್ತೂವರೆ ಎತ್ತರ.

ಕಟ್ಟೋ ಕೆಲಸದ ಬಗ್ಗೆ ಜಾಸ್ತಿ ಹೇಳಲ್ಲ. ಬಿಡಿಭಾಗಗಳು ಅಂಟಿಕೊಂಡು ಬರೋ ಪ್ಲಾಸ್ಟಿಕ್ ಫ್ರೇಮುಗಳನ್ನು ಮೊದಲು ಪಾತ್ರೆ ತೊಳೆಯೋ ಸೋಪಲ್ಲಿ ತೊಳೆಯಿರಿ, ಅಚ್ಚಿನಿಂದ ಬಂದ ಎಣ್ಣೆ ಜಿಡ್ಡು ಉಳಿದರೆ ಬಣ್ಣ ಸಿಪ್ಪೆ ಏಳುತ್ತೆ. ಕಟರನ್ನು ಬಿಡಿಭಾಗಕ್ಕೇ ತಾಗಿಸಿ ಕತ್ತರಿಸಬೇಡಿ, ಒಂದು ಮಿಲಿಮೀಟರ್ ಬಿಟ್ಟು ಕತ್ತರಿಸಿ ಉಳಿದದ್ದನ್ನು ಬ್ಲೇಡಲ್ಲಿ ಸವರಿ. ಫಿರಂಗಿ ನಳಿಗೆ ಎರಡು ಹೋಳಾಗಿ ಬರುತ್ತೆ. ಅಂಟಿಸಿ ಒಂದು ದಿನ ಬಿಟ್ಟು 400, ಆಮೇಲೆ 800 ನಂಬರಿನ ಉಜ್ಜು ಕಾಗದದಲ್ಲಿ ತಿರುಗಿಸ್ತಾ ಉಜ್ಜಿದೆ. ಒಂದೇ ಕಡೆ ಉಜ್ಜಿದರೆ ನಳಿಗೆ ಚಪ್ಪಟೆ ಆಗುತ್ತೆ, ಮೊದಲ ಟ್ಯಾಂಕಿನಲ್ಲಿ ಆ ತಪ್ಪು ಮಾಡಿದ್ದೆ. ಗೋಪುರದ ತರಿ ಬರಿಸೋಕೆ ಪುಟ್ಟಿಗೆ ಸ್ವಲ್ಪ ಥಿನ್ನರ್ ಹಾಕಿ ಮಜ್ಜಿಗೆ ಹದಕ್ಕೆ ತಂದು, ಕೂದಲು ಉದುರಿದ ಹಳೇ ಬ್ರಷ್‌ನಲ್ಲಿ ಕುಟ್ಟಿದೆ. ಬಳಿಯೋದಲ್ಲ, ಕುಟ್ಟೋದು. ಒಣಗಿದ ಮೇಲೆ ಉಜ್ಜು ಕಾಗದದಲ್ಲಿ ಹಗುರವಾಗಿ ಸವರಿದರೆ ಮ್ಯೂಸಿಯಂನಲ್ಲಿ ಕೈಗೆ ಸಿಕ್ಕ ಮೈ ಸಿಗುತ್ತೆ.

ಎಡವಟ್ಟಾಗಿದ್ದು ಚೈನಿನಲ್ಲಿ, ಅಂದ್ರೆ ಟ್ಯಾಂಕಿನ ಚಕ್ರಗಳನ್ನು ಸುತ್ತಿ ಓಡೋ ಪಟ್ಟಿಯಲ್ಲಿ. ಹಳೇ ಮಾದರಿ ಕಿಟ್‌ಗಳಲ್ಲಿ ಚೈನು ರಬ್ಬರಿನಂಥ ಪಟ್ಟಿ, ತುದಿಯ ಮೊಳೆಗಳನ್ನು ತೂತಿಗೆ ತೂರಿಸಿ ಕಾದ ಸ್ಕ್ರೂ ಡ್ರೈವರ್‌ನಿಂದ ಒತ್ತಿ ಕರಗಿಸಬೇಕು. ಗ್ಯಾಸ್ ಒಲೆ ಮೇಲೆ ಕಾಯಿಸಿದ್ದು ಒಂಚೂರು ಜಾಸ್ತಿ ಆಯಿತು. ಪಟ್ಟಿ ಬೆಣ್ಣೆ ಥರ ಎರಡು ತುಂಡು. ಆಮೇಲೆ ಸ್ಟೇಪ್ಲರ್ ಪಿನ್ ಹಾಕಿ ಹೊಲಿದೆ, ಆ ಜಾಗವನ್ನು ಕೆಳಗೆ ತಿರುಗಿಸಿ ಕೆಸರಲ್ಲಿ ಹೂತೆ. ಕೆಸರಿನ ದೃಶ್ಯ ಆರಿಸಿಕೊಂಡಿದ್ದಕ್ಕೆ ಅವತ್ತು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಇನ್ನೊಂದು ವಿಷಯ, ನಿಜವಾದ ಚೈನು ಟನ್‌ಗಟ್ಟಲೆ ಭಾರ, ಮೇಲ್ಗಡೆ ಸಣ್ಣ ಚಕ್ರಗಳ ನಡುವೆ ಅದು ಜೋತು ಬೀಳಬೇಕು. ರಬ್ಬರ್ ಪಟ್ಟಿ ಬಿಗಿಯಾಗಿ ನಿಂತಿದ್ದರೆ ಅಲ್ಲೇ ಆಟದ ಸಾಮಾನು ಅಂತ ಗೊತ್ತಾಗುತ್ತೆ. ಸೂಪರ್ ಗ್ಲೂ ಹಾಕಿ, ಹತ್ತಿ ಉಂಡೆ ತುರುಕಿ ಒಣಗೋವರೆಗೆ ಬಗ್ಗಿಸಿ ಹಿಡಿಸಿದೆ.

ಬಣ್ಣ ತಮಿಯಾ ಎಕ್ಸ್‌ಎಫ್-62, ಅಂದ್ರೆ ಆಲಿವ್ ಡ್ರ್ಯಾಬ್ ಅನ್ನೋ ಮಾಸಲು ಹಸಿರು. ಡಬ್ಬಿಯಿಂದ ಹಾಗೇ ಹೊಡೆದರೆ ಕಪ್ಪು ಕಪ್ಪು. ದೊಡ್ಡ ವಸ್ತುವನ್ನು ನಾವು ದೂರದಿಂದ ನೋಡ್ತೀವಿ, ಮಧ್ಯದ ಗಾಳಿ, ಬೆಳಕು ಬಣ್ಣವನ್ನ ತಿಳಿ ಮಾಡುತ್ತೆ. ಮೇಜಿನ ಮೇಲಿನ ಮಾದರಿಗೆ ಆ ತಿಳಿಯನ್ನ ನಾವೇ ಬೆರೆಸಬೇಕು. ಹತ್ತು ಹನಿಗೆ ಮೂರು ಹನಿ ಬಫ್ (ತಿಳಿ ಮಣ್ಣಿನ ಬಣ್ಣ) ಹಾಕಿ, ಮೇಲ್ಮುಖದ ಭಾಗಗಳಿಗೆ ಇನ್ನೂ ಎರಡು ಹನಿ ಸೇರಿಸಿದೆ. ಗಾಳಿಯಿಂದ ಬಣ್ಣ ಸಿಂಪಡಿಸೋ ಏರ್‌ಬ್ರಷ್, 0.3 ಮಿಲಿಮೀಟರ್ ನಾಜಲ್, ತೆಳುವಾಗಿ ನಾಲ್ಕು ಸಲ. ಮಳೆ ಹಿಡಿದ ದಿನ ಲ್ಯಾಕರ್ ಹೊಡೆಯೋಕೆ ಹೋಗಬೇಡಿ, ಗಾಳಿಯ ತೇವಕ್ಕೆ ಬೂದಿ ಬಳಿದಂತೆ ಬೆಳ್ಳಗಾಗುತ್ತೆ. ನನಗೆ ಹಾಗಾಗಿ ಗೋಪುರವನ್ನ ಮತ್ತೆ ಹೊಡೀಬೇಕಾಯಿತು.

ಒಣಗಿದ ಮೇಲೆ ಹೊಳಪಿನ ವಾರ್ನಿಷ್. ಅದರ ಮೇಲೆ ಕಂದು ಎಣ್ಣೆ ಬಣ್ಣವನ್ನು ಟರ್ಪೆಂಟೈನ್‌ನಲ್ಲಿ ಟೀ ನೀರಿನಷ್ಟು ತೆಳು ಮಾಡಿ ಬೋಲ್ಟು, ಸಂದುಗಳಿಗೆ ಮಾತ್ರ ತಾಗಿಸಿದೆ. ಸಂದು ಹಿಡಿದು ತಾನೇ ಓಡುತ್ತೆ, ನೋಡೋಕೇ ಮಜಾ. ಆಮೇಲೆ ಮ್ಯಾಟ್ ವಾರ್ನಿಷ್, ಅಂಚುಗಳಿಗೆ 6ಬಿ ಪೆನ್ಸಿಲ್ ಉಜ್ಜಿದರೆ ಬಣ್ಣ ಸವೆದು ಉಕ್ಕು ಕಂಡ ಹಾಗೆ. ತುಕ್ಕು ಮಾತ್ರ ಕಡಿಮೆ ಇಡಿ. ಓಡ್ತಾ ಇದ್ದ ಟ್ಯಾಂಕ್ ಅದು, ಹೂತು ಒಂದು ದಿನವೂ ಆಗಿಲ್ಲ. ನಮ್ಮಲ್ಲಿ ಎಷ್ಟೋ ಜನ ಗುಜರಿ ಅಂಗಡಿಯಿಂದ ತಂದ ಹಾಗೆ ಬಳಿದುಬಿಡ್ತಾರೆ, ನನಗೆ ಅದು ಸರಿ ಕಾಣಲ್ಲ.

ಟ್ಯಾಂಕ್ ಮುಗೀತು. ಚೆನ್ನಾಗೇ ಬಂದಿತ್ತು. ಪ್ಲೈವುಡ್ ಮೇಲೆ ಥರ್ಮೊಕೋಲ್ ಅಂಟಿಸಿ, ಹಿಂಭಾಗ ಇಳಿಯೋ ಹಾಗೆ ಗುಂಡಿ ಕೊರೆದು, ಮನೆ ಹಿತ್ತಲ ಮಣ್ಣನ್ನೇ ಟೀ ಸೋಸೋ ಜಾಲರಿಯಲ್ಲಿ ಜರಡಿ ಹಿಡಿದು ಫೆವಿಕಾಲ್ ಜೊತೆ ಕಲಸಿ ಬಳಿದೆ. ಟ್ಯಾಂಕನ್ನ ಮೇಲಿಟ್ಟು ಪಕ್ಕದ ಬೀದಿಯ ಹವಾಲ್ದಾರ್ ಮಾವನನ್ನ ಕರೆದು ತೋರಿಸಿದೆ. ಸೇನೆಯಲ್ಲಿ, ಪಂಜಾಬಿನ ಫಿರೋಜ್‌ಪುರ ಕಡೆ ವರ್ಷಗಟ್ಟಲೆ ಇದ್ದು ರಿಟೈರ್ ಆಗಿ ಬಂದವರು. ಕನ್ನಡಕ ಏರಿಸಿ ಸುಮಾರು ಹೊತ್ತು ನೋಡಿದರು.

"ಅಲ್ಲ ಕಣಪ್ಪಾ, ಪಂಜಾಬಿಗೆ ನಮ್ಮೂರ ಕೆಂಪು ಮಣ್ಣು ಯಾವ ಲಾರೀಲಿ ಹೋಯ್ತು?"

ಟ್ಯಾಂಕಿನ ಬಗ್ಗೆ ಒಂದು ಮಾತಿಲ್ಲ. ಆದರೆ ಹೇಳಿದ್ದು ಸರಿ. ಅದು ನದಿಗಳು ತಂದು ಹಾಸಿದ ಮೆಕ್ಕಲು ಮಣ್ಣು, ಒಣಗಿದರೆ ತಿಳಿ ಬೂದು ಕಂದು, ನೆನೆದರೆ ಗಾಢ. ಎಲ್ಲ ಕೆರೆದು ತೆಗೆದೆ. ಮಾವನೇ ಉಪಾಯ ಕೊಟ್ಟರು, ಬತ್ತಿದ ಕೆರೆಯ ಗೋಡು ತಗೊಂಡು ಬಾ ಅಂತ. ಬಣ್ಣ ಹತ್ತಿರ ಹತ್ತಿರ ಅದೇ. ಹಳೇ ಕಾವಲಿ ಮೇಲೆ ಹುರಿದೆ, ಹುರಿಯದ ಮಣ್ಣಿನಲ್ಲಿ ಬೂಷ್ಟು ಬರುತ್ತೆ, ಹಿಂದಿನ ಡಯೋರಾಮದಲ್ಲಿ ಮಳೆಗಾಲಕ್ಕೆ ಬಿಳಿ ಕೂದಲು ಎದ್ದಿತ್ತು. ಅಮ್ಮ ಆ ಕಾವಲಿಯನ್ನ ಮತ್ತೆ ಅಡುಗೆ ಮನೆಗೆ ಸೇರಿಸಲಿಲ್ಲ.

ಇಲ್ಲಿ ಒಂದು ಮುಖ್ಯ ವಿಷಯ. ಕೆಸರು ಒಣಗಿದ ಮೇಲೆ ಟ್ಯಾಂಕ್ ಇಟ್ಟರೆ ಅದು ಇಟ್ಟ ಹಾಗೇ ಕಾಣುತ್ತೆ. 44 ಟನ್ ಭಾರದ್ದು, ಮಣ್ಣು ಪಕ್ಕಕ್ಕೆ ಉಬ್ಬಬೇಕು. ಚಪಾತಿ ಹಿಟ್ಟಿಗಿಂತ ಸ್ವಲ್ಪ ಸಡಿಲ ಇದ್ದಾಗ ಟ್ಯಾಂಕನ್ನ ಒತ್ತಿ, ಹಿಂದೆ ಮುಂದೆ ಅರ್ಧ ಇಂಚು ಎಳೆದೆ. ಅಂಚಿನಲ್ಲಿ ಎದ್ದ ಮಣ್ಣನ್ನ ಹಾಗೇ ಬಿಟ್ಟೆ. ಚಕ್ರಗಳಿಗೆ ಅದೇ ಕಲಸನ್ನ ಇನ್ನೊಂಚೂರು ನೀರು ಮಾಡಿ ಬ್ರಷ್‌ನಿಂದ ಚಿಮ್ಮಿಸಿದೆ. ಮೊದಲು ಖಾಲಿ ಪೇಪರ್ ಮೇಲೆ ಚಿಮ್ಮಿಸಿ ನೋಡಿಕೊಳ್ಳಿ.

ಗದ್ದೆಯ ನೀರು ತೋರಿಸೋಕೆ ಎಪಾಕ್ಸಿ ರೆಸಿನ್ ಅನ್ನೋ ಗಟ್ಟಿಯಾಗೋ ದ್ರವ, ಎರಡು ಹನಿ ಕಂದು ಬಣ್ಣ ಸೇರಿಸಿದ್ದು. ಎರಡೆರಡು ಮಿಲಿಮೀಟರ್ ಪದರ, ಒಂದಕ್ಕೊಂದು ಒಂದು ದಿನದ ಅಂತರ. ಸುತ್ತ ಟೇಪ್ ಕಟ್ಟಿದ್ದರಲ್ಲಿ ಒಂದು ಮೂಲೆ ಬಿಟ್ಟಿತ್ತು. ಬೆಳಿಗ್ಗೆ ಎದ್ದರೆ ಮೇಜಿಗೂ ಹಲಗೆಗೂ ಗಾಜಿನಂಥ ಬೆಸುಗೆ. ಉಳಿ ಹಾಕಿ ಬಿಡಿಸಿದೆ, ಮೇಜಿನ ಮೇಲೆ ಗುರುತು ಇನ್ನೂ ಇದೆ.

ಈಗ ಕಬ್ಬು. ಎಂಟೊಂಬತ್ತು ಅಡಿ ಕಬ್ಬು ಅಂದ್ರೆ ನಮಗೆ ಏಳೆಂಟು ಸೆಂಟಿಮೀಟರ್, ಟ್ಯಾಂಕಿನ ಎತ್ತರಕ್ಕಿಂತ ಸ್ವಲ್ಪ ಕಮ್ಮಿ ಅಷ್ಟೇ. ಗದ್ದೆಯೊಳಗೆ ನುಗ್ಗಿದವರಿಗೆ ಏನೂ ಕಾಣದೇ ಹೋಗಿದ್ದು ಯಾಕೆ ಅಂತ ಸ್ಕೇಲ್ ಇಟ್ಟು ಅಳೆದಾಗಲೇ ನನಗೆ ಹೊಳೆದದ್ದು. ಜಲ್ಲೆಗೆ ಕಡ್ಡಿ ಪೊರಕೆಯ ತುದಿ ಭಾಗ ಸರಿ ಹೋಗುತ್ತೆ, ಒಂದು ಮಿಲಿಮೀಟರ್‌ಗಿಂತ ಸಣ್ಣದು. ಗಿಣ್ಣುಗಳಿಗೆ ಫೆವಿಕಾಲ್ ಚುಕ್ಕೆ. ಗರಿಗೆ ಎ4 ಹಾಳೆಗೆ ಎರಡೂ ಕಡೆ ಹಸಿರು ಹೊಡೆದು, ಒಂದೂವರೆ ಮಿಲಿಮೀಟರ್ ಅಗಲದ ಪಟ್ಟಿ ಕತ್ತರಿಸಿ, ತುದಿ ಚೂಪು ಮಾಡಿ, ಮಧ್ಯೆ ಮಡಚಿ ನರ ಬರಿಸಿದೆ. 180 ಜಲ್ಲೆ, ಒಂದೊಂದಕ್ಕೆ ಏಳು ಗರಿ. ಲೆಕ್ಕ ನೀವೇ ಹಾಕಿಕೊಳ್ಳಿ. ಸೆಪ್ಟೆಂಬರ್ ಎರಡನೇ ವಾರ ಆದ್ದರಿಂದ ಸೂಲಂಗಿ (ಕಬ್ಬಿನ ಹೂವು) ಇಡಲಿಲ್ಲ, ಅಷ್ಟು ಕೆಲಸ ಉಳಿಯಿತು.

ನಲವತ್ತು ನೆಟ್ಟಾಗ ಅಮ್ಮ ಬಂದು ನೋಡಿದರು. "ಇದೇನೋ ಇದು, ಗರಿ ಎಲ್ಲಾ ದರ್ಬೆ ಥರ ನೆಟ್ಟಗೆ ನಿಂತಿದೆ? ಕಬ್ಬು ಅಂದ್ರೆ ಅರ್ಧಕ್ಕೆ ಬಾಗಬೇಕು. ಬುಡದಲ್ಲಿ ತರಗು ಎಲ್ಲಿ?" ನಲವತ್ತನ್ನೂ ಕಿತ್ತೆ. ಪ್ರತಿ ಗರಿಯನ್ನ ಕತ್ತರಿಯ ಬೆನ್ನಿನ ಮೇಲೆ ಎಳೆದು ಬಾಗಿಸಿದೆ, ಕೆಳಗಿನ ಎರಡು ಗರಿಗೆ ಹುಲ್ಲಿನ ಬಣ್ಣ ಬಳಿದು ಜಲ್ಲೆಗೆ ಅಂಟಿದ ಹಾಗೆ ಇಳಿಬಿಟ್ಟೆ. ಸಂಜೆ ಹೊತ್ತು ಅಮ್ಮನೂ ಧಾರಾವಾಹಿ ನೋಡ್ತಾ ಒಂದಷ್ಟು ಬಾಗಿಸಿ ಕೊಟ್ಟರು. ಟ್ಯಾಂಕ್ ಹಾದು ಬಂದ ದಾರಿಯಲ್ಲಿ ಜಲ್ಲೆಗಳೆಲ್ಲ ಅದು ಹೋದ ದಿಕ್ಕಿಗೇ ಮಲಗಬೇಕು. ಅಡ್ಡಾದಿಡ್ಡಿ ಬೀಳಿಸಿದರೆ ಆನೆ ನುಗ್ಗಿದ ಹಾಗಿರುತ್ತೆ. ಇದೂ ಅಮ್ಮನ ಮಾತೇ.

ಅಬ್ದುಲ್ ಹಮೀದ್ ಅವರ ಜೀಪ್ ಎಲ್ಲಿ ಅಂತ ನೋಡಿದವರೆಲ್ಲ ಕೇಳ್ತಾರೆ. ನಮ್ಮ ಸೇನೆಯ 4 ಗ್ರೆನೇಡಿಯರ್ಸ್ ಪಡೆಯ ಅವರು ಜೀಪಿಗೆ ಕೂರಿಸಿದ 106 ಎಂಎಂ ಗನ್ನಿಂದ ಪ್ಯಾಟನ್‌ಗಳನ್ನ ಹೊಡೆದು, 10ನೇ ತಾರೀಕು ಅಲ್ಲೇ ಪ್ರಾಣ ಕೊಟ್ಟರು, ಪರಮವೀರ ಚಕ್ರ ಬಂತು. ಇಡಬೇಕು ಅಂತ ನನಗೂ ಆಸೆ. ಆದರೆ ನೂರು ಮೀಟರ್ ದೂರ ಅಂದ್ರೂ ಈ ಅಳತೆಯಲ್ಲಿ ಮೂರು ಮೀಟರ್ ಹತ್ತಿರ ಬೇಕು, ನನ್ನ ಹಲಗೆ ಇರೋದು 35 ಸೆಂಟಿಮೀಟರ್. ಟ್ಯಾಂಕಿನ ಪಕ್ಕದಲ್ಲೇ ಜೀಪ್ ನಿಲ್ಲಿಸಿದರೆ ಮೇಳದ ಸ್ತಬ್ಧಚಿತ್ರ ಆಗುತ್ತೆ. ಜೀಪಿನ ಕಿಟ್ ತಂದಿದ್ದೀನಿ. ಅದಕ್ಕೆ ಬೇರೆ ಹಲಗೆ, ಬೇರೆ ಕಬ್ಬು. ಇನ್ನೊಂದು ಪೊರಕೆ ತರೋವರೆಗೆ ಈ ಪೊರಕೆ ಮುಟ್ಟಬೇಡ ಅಂತ ಅಮ್ಮ ಹೇಳಿದ್ದಾರೆ.