ಯಾವ ನರಸಿಂಹಾಚಾರ್? ಒಂದೇ ಹೆಸರಿನ ಹಲವರನ್ನು ಬೇರ್ಪಡಿಸಿ ಬರೆಯುವ ಬಗೆ

ಶಾಲೆಯ ಶತಮಾನೋತ್ಸವದ ಪುಸ್ತಕ, ತಾಲ್ಲೂಕು ಸಮ್ಮೇಳನದ ಸ್ಮರಣ ಸಂಚಿಕೆ, ಊರ ಚರಿತ್ರೆಯ ಕಿರುಹೊತ್ತಗೆ ಇಂಥವುಗಳಲ್ಲಿ ಕಾಗುಣಿತ ತಪ್ಪಿದರೆ ಓದುಗರು ಹೋಗಲಿ ಅನ್ನುತ್ತಾರೆ. ಒಬ್ಬರು ಬರೆದ ಪುಸ್ತಕವನ್ನು ಇನ್ನೊಬ್ಬರ ತಲೆಗೆ ಕಟ್ಟಿದರೆ ಮಾತ್ರ ಬಿಡುವುದಿಲ್ಲ. ಮೈಸೂರು, ಮಂಡ್ಯದ ಕಡೆ ಈ ಎಡವಟ್ಟಿಗೆ ದಾರಿ ಹೆಚ್ಚು. ಇಲ್ಲಿ ಮಗುವಿಗೆ ತಾತನ ಹೆಸರು ಇಡುತ್ತಾರೆ, ಇಲ್ಲವೇ ಮನೆದೇವರದ್ದು. ಮೇಲುಕೋಟೆಯ ಬೆಟ್ಟದ ಮೇಲೆ ಯೋಗನರಸಿಂಹ ಕೂತಿದ್ದಾನೆ, ಸುತ್ತಲ ಅಗ್ರಹಾರಗಳ ತುಂಬ ನರಸಿಂಹಾಚಾರ್‌ಗಳು. ನಂಜನಗೂಡಿನಲ್ಲಿ ಶ್ರೀಕಂಠೇಶ್ವರ, ಹಾಗಾಗಿ ಮನೆಮನೆಗೆ ಶ್ರೀಕಂಠಯ್ಯ, ನಂಜುಂಡಯ್ಯ. ತೀ.ನಂ.ಶ್ರೀ. ಅವರ ಹೆಸರನ್ನೇ ಬಿಡಿಸಿ ನೋಡಿ: ತೀರ್ಥಪುರ ನಂಜುಂಡಯ್ಯ ಶ್ರೀಕಂಠಯ್ಯ. ನಂಜುಂಡನೂ ಶ್ರೀಕಂಠನೂ ಒಬ್ಬನೇ ದೇವರು, ಅಪ್ಪನಿಗೂ ಮಗನಿಗೂ ಅವನೇ.

ಬರೆಯಲು ಕೂರುವ ಮೊದಲು

ಅಂಚೆ ಕಾರ್ಡಿನ ಅಳತೆಯ ರಟ್ಟಿನ ಚೀಟಿ ಒಂದು ಕಟ್ಟು ತನ್ನಿ. ಒಬ್ಬರಿಗೆ ಒಂದೇ ಚೀಟಿ, ಒಂದು ಚೀಟಿಯಲ್ಲಿ ಒಬ್ಬರೇ. ನೋಟ್‌ಬುಕ್ಕಿನಲ್ಲಿ ಸಾಲಾಗಿ ಬರೆದುಕೊಂಡು ಹೋದರೆ ಹತ್ತನೇ ಪುಟದ ಕೃಷ್ಣಶಾಸ್ತ್ರಿಯೂ ನಲವತ್ತನೇ ಪುಟದ ಕೃಷ್ಣಶಾಸ್ತ್ರಿಯೂ ಒಬ್ಬರೇನಾ ಎಂದು ಕೊನೆಗೆ ನಿಮಗೇ ತಿಳಿಯುವುದಿಲ್ಲ. ಚೀಟಿಗಳಾದರೆ ಅಕ್ಕಪಕ್ಕ ಇಟ್ಟು ನೋಡಬಹುದು. ಪೆನ್ಸಿಲ್‌ನಲ್ಲಿ ಬರೆಯಿರಿ, ಇಸವಿ ತಿದ್ದುವ ಪ್ರಸಂಗ ಬಂದೇ ಬರುತ್ತದೆ.

ತುಂಬಿದ ಚೀಟಿ ಹೀಗಿರಬೇಕು:

ನರಸಿಂಹಾಚಾರ್, ಡಿ.ಎಲ್.
ಕರೆಯುವುದು: ಡಿ.ಎಲ್.ಎನ್.
ಕಾಲ: 1906–1971
ಕೆಲಸ: ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಪ್ರಾಧ್ಯಾಪಕರು, ‘ವಡ್ಡಾರಾಧನೆ’ ಸಂಪಾದಿಸಿದವರು
ಇವರಲ್ಲ: ಪು.ತಿ.ನ. (1905–1998, ಮೇಲುಕೋಟೆ, ಕವಿ), ಆರ್. (1860–1936, ಶಾಸನ, ಕವಿಚರಿತೆ), ಎಸ್.ಜಿ. (1862–1907)

ಮೊದಲ ನಾಲ್ಕು ಸಾಲು ಎಲ್ಲರೂ ಬರೆದುಕೊಳ್ಳುತ್ತಾರೆ. ಕೆಲಸಕ್ಕೆ ಬರುವುದು ಐದನೆಯದು. ‘ಇವರಲ್ಲ’ ಎಂಬ ಸಾಲು ಖಾಲಿ ಇದ್ದರೆ ಆ ಹೆಸರಿನ ಇನ್ನೊಬ್ಬರು ಇಲ್ಲ ಎಂದಲ್ಲ, ನೀವಿನ್ನೂ ಹುಡುಕಿಲ್ಲ ಎಂದು ಲೆಕ್ಕ. ಈ ನಾಲ್ವರಲ್ಲಿ ಪು.ತಿ.ನ., ಡಿ.ಎಲ್.ಎನ್. ಇಬ್ಬರಿಗೂ ವಯಸ್ಸಿನಲ್ಲಿ ಒಂದೇ ವರ್ಷದ ಅಂತರ. ಇಬ್ಬರೂ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದವರು: ಡಿ.ಎಲ್.ಎನ್. 1960ರಲ್ಲಿ ಬೀದರಿನಲ್ಲಿ, ಪು.ತಿ.ನ. 1981ರಲ್ಲಿ ಚಿಕ್ಕಮಗಳೂರಿನಲ್ಲಿ. ಆರ್. ನರಸಿಂಹಾಚಾರ್ ಕೂಡ 1918ರ ಧಾರವಾಡ ಸಮ್ಮೇಳನದ ಅಧ್ಯಕ್ಷರೇ. ‘ಸಮ್ಮೇಳನಾಧ್ಯಕ್ಷ ನರಸಿಂಹಾಚಾರ್’ ಎಂದಷ್ಟೇ ಬರೆದರೆ ಮೂವರಲ್ಲಿ ಯಾರು? ಇದಕ್ಕಿಂತ ಸಿಕ್ಕು ಇನ್ನೊಂದಿದೆ. ‘ಕರ್ಣಾಟಕ ಕವಿಚರಿತೆ’ಯ ಮೊದಲ ಸಂಪುಟ 1907ರಲ್ಲಿ ಬಂದಾಗ ಅದರ ಮೇಲೆ ಇಬ್ಬರು ನರಸಿಂಹಾಚಾರ್‌ಗಳ ಹೆಸರಿತ್ತು, ಆರ್. ಮತ್ತು ಎಸ್.ಜಿ. ಒಂದೇ ಹೆಸರು ಎರಡು ಸಲ ಅಚ್ಚಾಗಿದೆ ಎಂದುಕೊಂಡು ಒಂದನ್ನು ಹೊಡೆದುಹಾಕಿದರೆ ಒಬ್ಬ ಲೇಖಕರೇ ಮಾಯ. ಮುಂದಿನ ಸಂಪುಟಗಳಿಗೆ ಎಸ್.ಜಿ. ಹೆಸರನ್ನು ಸೇರಿಸುವುದೂ ತಪ್ಪು, ಅವರು ಆ ವರ್ಷವೇ ತೀರಿಕೊಂಡರು.

ಇನಿಷಿಯಲ್ ಬಿಡಿಸುವುದು

ಹಳೇ ಮೈಸೂರಿನ ರೂಢಿಯಲ್ಲಿ ಮೊದಲ ಅಕ್ಷರ ಊರಿನದು, ಎರಡನೆಯದು ಅಪ್ಪನದು. ಕುವೆಂಪು ಎಂದರೆ ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ, ಎಸ್.ಎಂ. ಕೃಷ್ಣ ಎಂದರೆ ಸೋಮನಹಳ್ಳಿ ಮಲ್ಲಯ್ಯ ಕೃಷ್ಣ. ಇಷ್ಟು ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ ಅನ್ನಿಸುತ್ತದೆ. ಅಲ್ಲೇ ಮೂರು ಕಡೆ ಕಾಲು ಜಾರುತ್ತದೆ.

ಒಂದು, ಇನಿಷಿಯಲ್ಲಿನ ಊರೇ ಹುಟ್ಟೂರು ಎಂದುಕೊಳ್ಳುವುದು. ಬಿ.ಎಂ. ಶ್ರೀಕಂಠಯ್ಯನವರ ‘ಬಿ’ ನಾಗಮಂಗಲ ತಾಲ್ಲೂಕಿನ ಬೆಳ್ಳೂರು, ಅವರು ಹುಟ್ಟಿದ್ದು ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ, ತಾಯಿಯ ತವರಿನಲ್ಲಿ. ಚೊಚ್ಚಲ ಹೆರಿಗೆಗೆ ತವರಿಗೆ ಕಳಿಸುವ ಪದ್ಧತಿ ಇರುವ ಕಡೆ ಇದು ಮಾಮೂಲು. ಆದ್ದರಿಂದ ಚೀಟಿಯಲ್ಲಿ ‘ಊರು’ ಮತ್ತು ‘ಹುಟ್ಟಿದ್ದು’ ಎಂದು ಬೇರೆಬೇರೆ ಬರೆದುಕೊಳ್ಳಿ.

ಎರಡು, ಮೊದಲ ಅಕ್ಷರ ಊರೇ ಆಗಿರಬೇಕು ಎನ್ನುವ ಹಟ. ಪು.ತಿ.ನ. ಅವರ ‘ಪು’ ಪುರೋಹಿತ, ಮನೆತನದ ಕಸುಬು. ಪು ಅಕ್ಷರದ ಊರು ಹುಡುಕಿಕೊಂಡು ಪಾಂಡವಪುರ ತಾಲ್ಲೂಕೆಲ್ಲ ಸುತ್ತಿದರೂ ಸಿಗುವುದಿಲ್ಲ.

ಮೂರು, ಕರಾವಳಿ ಕಡೆಯಿಂದ ಬಂದು ಮೈಸೂರಿನಲ್ಲಿ ನೆಲೆಸಿದವರ ಹೆಸರನ್ನು ನಮ್ಮ ಲೆಕ್ಕದಲ್ಲಿ ಓದುವುದು. ಎಚ್.ಎಂ. ನಾಯಕ (1931–2000), ಜಿ.ಎಚ್. ನಾಯಕ (1935–2023) ಇಬ್ಬರೂ ಮೈಸೂರಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದವರು, ಇಬ್ಬರಿಗೂ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ, ಇಬ್ಬರ ಇನಿಷಿಯಲ್ಲಿನಲ್ಲೂ ‘ಎಚ್’ ಇದೆ. ತೀರ್ಥಹಳ್ಳಿ ಕಡೆಯ ಎಚ್.ಎಂ. ಅವರದು ಹಾರೋಗದ್ದೆ ಮಾನಪ್ಪ: ಊರು, ಅಪ್ಪ, ನಮ್ಮದೇ ರೀತಿ. ಅಂಕೋಲೆಯ ಜಿ.ಎಚ್. ಅವರದು ಗೋವಿಂದರಾಯ ಹಮ್ಮಣ್ಣ. ಇಲ್ಲಿ ಮೊದಲನೆಯದು ಅವರ ಸ್ವಂತ ಹೆಸರು, ಎರಡನೆಯದು ಅಪ್ಪನದು, ನಾಯಕ ಅಡ್ಡಹೆಸರು. ಪ್ರಶಸ್ತಿಯ ಇಸವಿ ಹಾಕದೆ ‘ಪ್ರೊ. ನಾಯಕರು’ ಎಂದು ಬರೆದ ಸಾಲು ಇಬ್ಬರಿಗೂ ಸಲ್ಲುತ್ತದೆ. ‘ಸಂಪ್ರತಿ’ಗೆ 1989ರಲ್ಲಿ ಪಡೆದವರು ಎಚ್.ಎಂ., ‘ಉತ್ತರಾರ್ಧ’ಕ್ಕೆ 2014ರಲ್ಲಿ ಪಡೆದವರು ಜಿ.ಎಚ್.

ಇನ್ನು, ಇಂಗ್ಲಿಷ್ ಅಕ್ಷರದ ಇನಿಷಿಯಲ್ಲನ್ನು ಕನ್ನಡಕ್ಕೂ ಕನ್ನಡದ್ದನ್ನು ಇಂಗ್ಲಿಷಿಗೂ ತಿರುಗಿಸುವಾಗ ಒಬ್ಬರು ಇಬ್ಬರಾಗುತ್ತಾರೆ. ಟಿ.ಎನ್. ಶ್ರೀಕಂಠಯ್ಯ ಎಂಬ ಚೀಟಿ ಒಂದು, ತೀ.ನಂ. ಶ್ರೀಕಂಠಯ್ಯ ಎಂಬ ಚೀಟಿ ಇನ್ನೊಂದು, ಮನುಷ್ಯ ಒಬ್ಬರೇ. ಪಿ.ಟಿ. ನರಸಿಂಹಾಚಾರ್ ಕಂಡರೂ ಇದೇ ಎಚ್ಚರ ಇರಲಿ. ಗ್ರಂಥಾಲಯದ ಕಂಪ್ಯೂಟರಿನಲ್ಲಿ ಹುಡುಕುವಾಗ ‘ಆಚಾರ್’, ‘ಆಚಾರ್ಯ’ ಎರಡನ್ನೂ ಕೊಟ್ಟು ನೋಡಿ.

ಎರಡು ಗುರುತು ಕೂಡಬೇಕು

ಹೆಸರನ್ನು ಬಿಟ್ಟು ಕಾಲ, ಊರು, ಕೆಲಸ ಈ ಮೂರರಲ್ಲಿ ಎರಡು ತಾಳೆಯಾಗದೆ ಒಂದು ಮಾಹಿತಿಯನ್ನು ಯಾರ ಚೀಟಿಗೂ ಹಾಕಬಾರದು. ಒಂದೇ ಗುರುತು ಏಕೆ ಸಾಲದು ಎಂದರೆ, ಮೈಸೂರು ವಾಸುದೇವಾಚಾರ್ಯರು ಹುಟ್ಟಿದ್ದು 1865ರಲ್ಲಿ, ಕೆರೂರು ವಾಸುದೇವಾಚಾರ್ಯರು 1866ರಲ್ಲಿ. ಮೈಸೂರಿನವರು ವಾಗ್ಗೇಯಕಾರರು, ಕೆರೂರಿನವರು ಕಾದಂಬರಿಕಾರರು. ಇಲ್ಲಿ ಕಾಲ ಕೈಕೊಡುತ್ತದೆ, ಊರು ಮತ್ತು ಕೆಲಸ ಕಾಪಾಡುತ್ತವೆ.

ಮಂಡ್ಯದಲ್ಲಿ ಇದು ತಲೆಕೆಳಗು. ಎಸ್.ಎಂ. ಕೃಷ್ಣ ಮಂಡ್ಯದ ಲೋಕಸಭಾ ಸದಸ್ಯರಾಗಿದ್ದರು, ವಿಧಾನಸಭೆಯ ಸಭಾಧ್ಯಕ್ಷರೂ ಆಗಿದ್ದರು. ಕೆ.ಆರ್. ಪೇಟೆ ಕೃಷ್ಣ ಕೂಡ ಮಂಡ್ಯದ ಲೋಕಸಭಾ ಸದಸ್ಯರಾಗಿದ್ದರು, ಅವರೂ ಸಭಾಧ್ಯಕ್ಷರಾಗಿದ್ದರು. ಜಿಲ್ಲೆ ಅದೇ, ಕ್ಷೇತ್ರ ಅದೇ, ಕುರ್ಚಿಯೂ ಅದೇ! ಇಲ್ಲಿ ಇಸವಿಯೊಂದೇ ದಾರಿ: ಎಸ್.ಎಂ. ಸಭಾಧ್ಯಕ್ಷರಾದದ್ದು 1989ರಲ್ಲಿ, ಪೇಟೆಯ ಕೃಷ್ಣ 2004ರ ಚುನಾವಣೆಯ ನಂತರ. 1996ರಲ್ಲಿ ಮಂಡ್ಯದಿಂದ ಗೆದ್ದವರು ಎರಡನೆಯವರು. ಇವರಿಗೆ ಇನಿಷಿಯಲ್ಲೇ ಇಲ್ಲದ್ದರಿಂದ ಚುನಾವಣಾ ಪಟ್ಟಿಗಳಲ್ಲಿ ಬರೀ ‘ಕೃಷ್ಣ’ ಎಂದಿರುತ್ತದೆ. ಅದನ್ನು ಕಂಡ ಕೂಡಲೆ ‘ಎಸ್.ಎಂ.’ ಬಿಟ್ಟುಹೋಗಿದೆ ಎಂದುಕೊಂಡು ಸೇರಿಸಿಬಿಡುವುದೇ ಇಲ್ಲಿ ಆಗುವ ತಪ್ಪು. ಮೂಲದಲ್ಲಿ ಇಲ್ಲದ ಇನಿಷಿಯಲ್ ಸೇರಿಸಬೇಡಿ.

ಜನವರಿಯಲ್ಲಿ ಚೌಡಯ್ಯನವರ ಸರದಿ. ಜನವರಿ 1 ಪಿಟೀಲು ಚೌಡಯ್ಯನವರು (1895–1967) ಹುಟ್ಟಿದ ದಿನ, 19 ಅವರು ತೀರಿಕೊಂಡ ದಿನ. 21ಕ್ಕೆ ಸರ್ಕಾರ ಆಚರಿಸುವುದು ಹನ್ನೆರಡನೇ ಶತಮಾನದ ವಚನಕಾರ ಅಂಬಿಗರ ಚೌಡಯ್ಯನವರ ಜಯಂತಿ. ಒಬ್ಬರ ಕೈಯಲ್ಲಿ ಏಳು ತಂತಿಯ ಪಿಟೀಲು, ಇನ್ನೊಬ್ಬರ ಕೈಯಲ್ಲಿ ದೋಣಿಯ ಹುಟ್ಟು. ಫ್ಲೆಕ್ಸ್ ಮಾಡಿಸುವವರು ಚಿತ್ರವನ್ನು ಫೋನಿನಲ್ಲಿ ಹುಡುಕುವಾಗ ಬರೀ ‘ಚೌಡಯ್ಯ’ ಎಂದು ಕೊಡದಿದ್ದರೆ ಸಾಕು.

ವಿಷ್ಣುವರ್ಧನರದು ಸ್ವಾರಸ್ಯದ ಸಿಕ್ಕು. ಹೊಯ್ಸಳ ದೊರೆಯ ಮೊದಲ ಹೆಸರು ಬಿಟ್ಟಿದೇವ, ಮೈಸೂರಿನ ನಟನ ಮೊದಲ ಹೆಸರು ಸಂಪತ್ ಕುಮಾರ್. ದೊರೆಯ ಹೆಸರಿನೊಡನೆ ಸದಾ ಬರುವ ಮೇಲುಕೋಟೆಯ ಉತ್ಸವಮೂರ್ತಿ ಚೆಲುವಪಿಳ್ಳೆಗೂ ಸಂಪತ್ಕುಮಾರ ಎಂಬ ಹೆಸರಿದೆ. ಎರಡು ಪದ ಕೂಡಿಸಿ ಹುಡುಕಿದರೂ ದೇವರು, ದೊರೆ, ನಟ ಒಟ್ಟಿಗೆ ಎದುರಾಗುತ್ತಾರೆ.

ಒಡೆಯರ್‌ಗಳ ವಿಚಾರ

ಹೆಚ್ಚು ತಪ್ಪು ಆಗುವುದು ಇಲ್ಲೇ. ಕೃಷ್ಣರಾಜ ಒಡೆಯರ್ ಎಂಬವರು ನಾಲ್ವರು: ದೊಡ್ಡ ಕೃಷ್ಣರಾಜ (1714–1732), ಇಮ್ಮಡಿ (1734–1766), ಮುಮ್ಮಡಿ (1799–1868), ನಾಲ್ವಡಿ (1894–1940). ಮೊದಲಿಬ್ಬರ ಹೆಸರು ಸಾಮಾನ್ಯ ಬರಹದಲ್ಲಿ ಅಪರೂಪ, ಗೊಂದಲವೆಲ್ಲ ಕೊನೆಯ ಇಬ್ಬರದು. ಒಂದು ಅಳತೆಗೋಲು ನೆನಪಿಡಿ: 1868ರಿಂದ 1894ರವರೆಗೆ ಮೈಸೂರಿನ ಗದ್ದುಗೆಯಲ್ಲಿ ಕೃಷ್ಣರಾಜರೇ ಇಲ್ಲ, ಆಗ ಇದ್ದವರು ಹತ್ತನೇ ಚಾಮರಾಜೇಂದ್ರ ಒಡೆಯರ್. ಆ ನಡುವಿನ ಇಸವಿ ಹಾಕಿ ‘ಕೃಷ್ಣರಾಜರು ಕಟ್ಟಿಸಿದರು’ ಎಂದಿದ್ದರೆ ಇಸವಿ ತಪ್ಪು, ಇಲ್ಲವೇ ಹೆಸರು ತಪ್ಪು. ಜಗನ್ಮೋಹನ ಅರಮನೆ 1861ರದು, ಅದು ಮುಮ್ಮಡಿಯವರದು. ಮೈಸೂರು ವಿಶ್ವವಿದ್ಯಾನಿಲಯ 1916, ಅದು ನಾಲ್ವಡಿಯವರ ಕಾಲ. ಮುಮ್ಮಡಿ ಅಪ್ಪ, ನಾಲ್ವಡಿ ಮಗ ಎಂದು ಬರೆಯುವವರೂ ಇದ್ದಾರೆ. ಅಲ್ಲ. ಮುಮ್ಮಡಿಯವರು ದತ್ತು ತೆಗೆದುಕೊಂಡದ್ದು ಚಾಮರಾಜೇಂದ್ರರನ್ನು, ನಾಲ್ವಡಿ ಆ ಚಾಮರಾಜೇಂದ್ರರ ಮಗ.

ಗದ್ದುಗೆಯ ಇಸವಿ ಬೇರೆ, ಅಧಿಕಾರದ ಇಸವಿ ಬೇರೆ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಕೋಲಾರದ ಗಣಿಗಳಿಗೆ ಕರೆಂಟು ಹೋದದ್ದು 1902ರ ಜೂನ್‌ನಲ್ಲಿ. ನಾಲ್ವಡಿಯವರ ಕೈಗೆ ಅಧಿಕಾರ ಬಂದದ್ದು ಅದೇ ವರ್ಷದ ಆಗಸ್ಟ್ 8ಕ್ಕೆ. ಅಲ್ಲಿಯವರೆಗೆ ರಾಜ್ಯ ನಡೆಸಿದವರು ತಾಯಿ ವಾಣಿವಿಲಾಸ ಸನ್ನಿಧಾನ. ‘ನಾಲ್ವಡಿಯವರ ಕಾಲದಲ್ಲಿ’ ಎಂದರೆ ನಡೆಯುತ್ತದೆ, ‘ನಾಲ್ವಡಿಯವರು ಮಾಡಿಸಿದರು’ ಎಂದರೆ ತಾಯಿಯ ಪಾಲು ಹೋಗುತ್ತದೆ.

ಚಾಮರಾಜರ ಎಣಿಕೆ ಹತ್ತರವರೆಗೆ ಹೋಗುವುದರಿಂದ ಹಿಂದಿನವರೇ ಬೋಳ ಚಾಮರಾಜ, ಬೆಟ್ಟದ ಚಾಮರಾಜ ಎಂದು ಬೇರೆ ಮಾಡಿಟ್ಟಿದ್ದಾರೆ. ಆ ಹೆಸರುಗಳು ಒರಟು ಎಂದು ಬಿಡಬೇಡಿ, ಸಂಖ್ಯೆಗಿಂತ ಅವೇ ಗಟ್ಟಿ. ಹಾಗೆಯೇ ಕಂಠೀರವರು: ರಣಧೀರ ಕಂಠೀರವ (1638–1659), ಮಾತು ಬಾರದ ಮೂಕರಸು ಕಂಠೀರವ (1704–1714), ಕೊನೆಗೆ ಯುವರಾಜ ಕಂಠೀರವ ನರಸಿಂಹರಾಜ (1888–1940). ಯುವರಾಜರೂ ಅಣ್ಣ ನಾಲ್ವಡಿಯವರೂ ತೀರಿಕೊಂಡದ್ದು ಒಂದೇ ವರ್ಷ, ಯುವರಾಜರು ಮಾರ್ಚ್‌ನಲ್ಲಿ, ನಾಲ್ವಡಿ ಆಗಸ್ಟ್‌ನಲ್ಲಿ. ತಿಂಗಳು ಬರೆಯದೆ ಬಿಡಬೇಡಿ.

ಊರು, ವೃತ್ತಗಳ ಹೆಸರೂ ಇದೇ ಪಾಡು. ಚಾಮರಾಜನಗರದ ಚಾಮರಾಜ ಮುಮ್ಮಡಿಯವರ ತಂದೆ. ಮೈಸೂರಿನ ಚಾಮರಾಜ ವೃತ್ತದಲ್ಲಿ ನಿಂತವರು ನಾಲ್ವಡಿಯವರ ತಂದೆ. ಹಳೆಯ ಕಾಗದಪತ್ರ ನೋಡುವವರು ಹಳೆಯ ಹೆಸರನ್ನೂ ಬರೆದುಕೊಂಡಿರಬೇಕು: ಚಾಮರಾಜನಗರಕ್ಕೆ ಅರಿಕುಠಾರ, ಕೆ.ಆರ್. ಪೇಟೆಗೆ ಅತ್ತಿಕುಪ್ಪೆ, ಕೆ.ಆರ್. ನಗರಕ್ಕೆ ಎಡತೊರೆ, ಕೆ.ಆರ್.ಎಸ್‌ಗೆ ಕನ್ನಂಬಾಡಿ.

ಅಚ್ಚಿಗೆ ಕೊಡುವಾಗ

ಲೇಖನದಲ್ಲಿ ಒಬ್ಬರ ಹೆಸರು ಮೊದಲ ಸಲ ಬಂದಾಗ ಪೂರ್ತಿ ಹೆಸರು, ಪಕ್ಕದಲ್ಲಿ ಹುಟ್ಟು–ಸಾವಿನ ಇಸವಿ. ಆಮೇಲೆ ಜನ ಕರೆಯುವ ಹೆಸರೇ ಸಾಕು: ಡಿ.ಎಲ್.ಎನ್., ಪು.ತಿ.ನ., ನಾಲ್ವಡಿ. ಒಂದೇ ಲೇಖನದಲ್ಲಿ ಇಬ್ಬರು ಶ್ರೀಕಂಠಯ್ಯನವರು ಬಂದರೆ ‘ಶ್ರೀಕಂಠಯ್ಯನವರು’ ಎಂಬ ಪದವನ್ನೇ ಕೈಬಿಟ್ಟು ಕೊನೆಯವರೆಗೂ ಬಿ.ಎಂ.ಶ್ರೀ., ತೀ.ನಂ.ಶ್ರೀ. ಎಂದೇ ಬರೆಯಿರಿ. ‘ಅವರು’, ‘ಇವರು’ ಎಂದು ತೋರಿಸಹೋದರೆ ಎರಡನೇ ಪ್ಯಾರಾಕ್ಕೇ ಓದುಗರು ಕಂಗಾಲು.

ಫೋಟೊ ಫೈಲಿಗೆ ಹೆಸರಿಡುವಾಗ ಚೀಟಿಯ ಮೊದಲ ಸಾಲು ಮತ್ತು ಇಸವಿ ಎರಡೂ ಇರಲಿ. ಮೈಸೂರು ಪೇಟ, ಕನ್ನಡಕ, ಮುಚ್ಚುಗೋಟು ತೊಟ್ಟವರೆಲ್ಲ ಹಳೆಯ ಫೋಟೊದಲ್ಲಿ ಒಂದೇ ಥರ ಕಾಣುತ್ತಾರೆ. ಗುಂಪಿನ ಚಿತ್ರವಾದರೆ ತೆಗೆದ ವರ್ಷ ಮೊದಲು ನೋಡಿ: 1950ರ ಚಿತ್ರದಲ್ಲಿ ಆರ್. ನರಸಿಂಹಾಚಾರ್ ಇರಲು ಸಾಧ್ಯವಿಲ್ಲ.

ಪುಸ್ತಕದ ಕೊನೆಯ ಹೆಸರಿನ ಪಟ್ಟಿಯನ್ನು ಇನಿಷಿಯಲ್ ಪ್ರಕಾರ ಜೋಡಿಸಬೇಡಿ. ಹಾಗೆ ಮಾಡಿದರೆ ಆರ್. ಒಂದು ಕಡೆ, ಡಿ.ಎಲ್. ಇನ್ನೊಂದು ಕಡೆ ಹೋಗಿ, ಇಬ್ಬರಿದ್ದಾರೆ ಎಂಬುದೇ ಗೊತ್ತಾಗುವುದಿಲ್ಲ. ‘ನರಸಿಂಹಾಚಾರ್’ ಎಂಬುದು ಮೊದಲು ಬಂದು ಇನಿಷಿಯಲ್ ಆಮೇಲೆ ಬಂದರೆ ನಾಲ್ವರೂ ಒಂದರ ಕೆಳಗೊಂದು ನಿಲ್ಲುತ್ತಾರೆ, ಪುಟಸಂಖ್ಯೆ ಯಾರ ಪಾಲಿಗೆ ತಪ್ಪಿ ಹೋಗಿದೆ ಎಂಬುದು ಕಣ್ಣಿಗೆ ಬೀಳುತ್ತದೆ.

ಡಿಟಿಪಿಯವರಿಗೆ ಒಂದು ಮಾತು ಮೊದಲೇ ಹೇಳಿಡಿ: ಹೆಸರುಗಳ ಮೇಲೆ ‘ರಿಪ್ಲೇಸ್ ಆಲ್’ ಒತ್ತಬಾರದು. ‘ಕೃಷ್ಣರಾಜ ಒಡೆಯರ್’ ಇದ್ದಲ್ಲೆಲ್ಲ ‘ನಾಲ್ವಡಿ ಕೃಷ್ಣರಾಜ ಒಡೆಯರ್’ ಮಾಡಲು ಹೋದರೆ ‘ಮುಮ್ಮಡಿ ನಾಲ್ವಡಿ ಕೃಷ್ಣರಾಜ ಒಡೆಯರ್’ ಎಂಬ ಹೊಸ ದೊರೆಯೊಬ್ಬರು ಪಟ್ಟಕ್ಕೇರುತ್ತಾರೆ. ಕೊನೆಯ ಪ್ರೂಫಿನಲ್ಲಿ ಹೆಸರುಗಳನ್ನಷ್ಟೇ ನೋಡಲು ಒಂದು ಸುತ್ತು ಬೇರೆ ಇಟ್ಟುಕೊಳ್ಳಿ. ಒಬ್ಬರು ಪ್ರೂಫಿನಿಂದ ಹೆಸರು, ಇಸವಿ ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಚೀಟಿ ಹಿಡಿದು ‘ಇವರಲ್ಲ’ ಸಾಲಿನ ಮೇಲೆ ಕಣ್ಣಿಟ್ಟಿರಬೇಕು.