ನಾರ್ವೇಜಿಯನ್ ಉದ್ದ ಪದ ಓದೋದು ಹೇಗೆ: ಒಂದು ಸಲಹೆ

ನಾರ್ವೇಜಿಯನ್ ಕಲಿಯುತ್ತಿರುವವರಿಗೆ ಒಂದು ಸಣ್ಣ ಉಪಾಯ. ಉದ್ದ ಪದ ಕಂಡರೆ ಅಕ್ಷರ ಎಣಿಸಬೇಡಿ, ಮೊದಲು ಎರಡು ಪದ ಸೇರಿದ ಬೆಸುಗೆ ಹುಡುಕಿ.

ಶಿಶುವಿಹಾರಕ್ಕೆ ಅವರು 'ಬಾರ್ನೆಹಾಗೆ' ಅಂತ ಬರೆಯುತ್ತಾರೆ. 'ಬಾರ್ನ್' ಅಂದರೆ ಮಗು, 'ಹಾಗೆ' ಅಂದರೆ ತೋಟ, ನಡುವಿನ 'ಎ' ಬರೀ ಅಂಟು. ಮುರಿಯುವುದು ಅಂಟಿನ ನಂತರ: ಬಾರ್ನೆ-ಹಾಗೆ. ಜೋರು ಒತ್ತು ಸಾಮಾನ್ಯವಾಗಿ ಮೊದಲ ತುಂಡಿಗೆ. ಎರಡನೆಯದಕ್ಕೆ ಅರ್ಧ ಒತ್ತು, ಪೂರ್ತಿ ನುಂಗಬಾರದು. ಅಂದಹಾಗೆ, ಓಸ್ಲೋ ಕಡೆ ಆ 'ರ್ನ' ಸೇರಿ ನಮ್ಮ 'ಣ' ಆಗುತ್ತದೆ, 'ಬಾಣೆಹಾಗೆ'. ಇದು ನಮಗೆ ಪುಕ್ಕಟೆ ಸಿಕ್ಕ ಲಾಭ ಅಲ್ವಾ!

ಕನ್ನಡದವರು ಎರಡೂ ತುಂಡಿಗೆ ಸಮ ಒತ್ತು ಕೊಟ್ಟುಬಿಡುತ್ತೇವೆ. ಅಲ್ಲೇ ಎಡವಟ್ಟು. 'ಲಮ್ಮೆಲೋರ್' ಒಂದೇ ಪದವಾದರೆ ಕುರಿಮರಿಯ ತೊಡೆಮಾಂಸ. ಬಿಡಿಸಿ ಬರೆದು ಎರಡಕ್ಕೂ ಒತ್ತು ಕೊಟ್ಟರೆ ಲಕ್ವ ಹೊಡೆದ ತೊಡೆಗಳು! 'ರಾಯ್ಕ್‌ಫ್ರಿತ್' ಅಂದರೆ ಧೂಮಪಾನ ಇಲ್ಲ. ಮಧ್ಯೆ ಜಾಗ ಬಿಟ್ಟರೆ, ಆರಾಮಾಗಿ ಸೇದಿ ಅಂತ.

'ಬುಸ್‌ಸ್ಟಾಪ್' (busstopp, ಅಂದರೆ ಬಸ್ ನಿಲ್ದಾಣ) ಮಾತ್ರ ಸ್ವಲ್ಪ ತರಲೆ. ಬುಸ್ಸಿನ ಎರಡು 'ಸ್', ಸ್ಟಾಪಿನ ಒಂದು, ಒಟ್ಟು ಮೂರಾಗಬೇಕು. ಬರೆಯುವುದು ಎರಡೇ. ಸಾಲಿನ ಕೊನೆಯಲ್ಲಿ ಮುರಿದರೆ ಮೂರನೆಯದು ವಾಪಸ್ ಬರುತ್ತದೆ.